ಮಾಟದ ಗಿಡ, ಮಾರಾಟದ ಗಿಡ

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ‘ವಿಕ್ಕಾ’ ಎಂಬ ಹೆಸರಿನ ಒಂದು ಸಣ್ಣ ಧಾರ್ಮಿಕ ಪಂಥವಿದೆ. ಅದನ್ನು ನಂಬಿ ನಡೆಯುವವರು ತಮ್ಮನ್ನು ತಾವೇ ಮಾಟಗಾತಿ, ಮಾಟಗಾರ ಎಂದು ಕರೆದುಕೊಳ್ಳಲು ಅಳುಕುವುದಿಲ್ಲ. ಅವರಲ್ಲಿ ಅನೇಕರು ಚಂದ್ರನ ವೃದ್ಧಿಕ್ಷಯಗಳನ್ನು ನೋಡಿ ಬೀಜ ಹಾಕುತ್ತಾರೆ. ಕಿಟಕಿಯ ಬದಿಯ ಚಟ್ಟಿಗಳಲ್ಲಿ ಮೂಲಿಕೆ ಬೆಳೆಸುತ್ತಾರೆ. ಒಣಗಿಸಿದ ಸೊಪ್ಪಿನ ಕಟ್ಟನ್ನು ಬಾಗಿಲ ಮೇಲೆ ತೂಗಹಾಕುತ್ತಾರೆ. ಬೇಕಾದುದಕ್ಕಿಂತ ಹೆಚ್ಚು ಕೊಳ್ಳಬಾರದು, ಮಣ್ಣಿನಿಂದ ತೆಗೆದದ್ದನ್ನು ಮಣ್ಣಿಗೆ ತಿರುಗಿ ಕೊಡಬೇಕು ಎನ್ನುತ್ತಾರೆ. ಈ ವಿಷಯ ಎತ್ತಿದೊಡನೆ ನಮ್ಮವರ ಬಾಯಲ್ಲಿ ಎರಡು ಬಗೆಯ ಮಾತು ಬರುತ್ತದೆ. ಒಂದು, “ಹೊಟ್ಟೆ ತುಂಬಿದವರ ಹುಚ್ಚು, ಮೂಢನಂಬಿಕೆ.” ಇನ್ನೊಂದು, “ನಮ್ಮ ಪೂರ್ವಿಕರು ಸಾವಿರಾರು ವರ್ಷಗಳ ಹಿಂದೆಯೇ ಹೇಳಿದ್ದು ಅವರಿಗೆ ಈಗ ಹೊಳೆಯಿತು.” ಮೊದಲನೆಯವರು ಕೇಳದೆ ತೀರ್ಪು ಕೊಡುತ್ತಾರೆ. ಎರಡನೆಯವರು ಕೇಳದೆ ಮೆರೆಯುತ್ತಾರೆ. ಈ ಇಬ್ಬರೊಡನೆಯೂ ನನಗೆ ಜಗಳವಿದೆ. ಅದಕ್ಕಿಂತ ದೊಡ್ಡ ಜಗಳ ಮೂರನೆಯವನೊಡನೆ. ಅವನು ವ್ಯಾಪಾರಿ.

ಮೊದಲು ಈ ಪಂಥದ ಹುಟ್ಟನ್ನು ನೋಡೋಣ. ಬ್ರಿಟನ್ನಿನಲ್ಲಿ ೧೭೩೫ರ ಒಂದು ಕಾನೂನಿನ ಪ್ರಕಾರ ಮಾಟ ಬಲ್ಲೆನೆಂದು ಹೇಳಿಕೊಳ್ಳುವುದೇ ಅಪರಾಧವಾಗಿತ್ತು. ಆ ಕಾನೂನು ರದ್ದಾದದ್ದು ೧೯೫೧ರಲ್ಲಿ. ಮೂರು ವರ್ಷ ಕಳೆದು, ೧೯೫೪ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬವನು ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಪುಸ್ತಕ ತಂದ. ಈತ ಸಿಲೋನಿನ ಚಹಾ ತೋಟದಲ್ಲಿಯೂ ಬೋರ್ನಿಯೋ, ಮಲಯಗಳ ರಬ್ಬರು ತೋಟಗಳಲ್ಲಿಯೂ ದುಡಿದು, ಬಳಿಕ ಸುಂಕದ ಅಧಿಕಾರಿಯಾಗಿದ್ದು, ೧೯೩೬ರಲ್ಲಿ ಊರಿಗೆ ಮರಳಿದವನು. ಕ್ರೈಸ್ತ ಧರ್ಮಕ್ಕಿಂತ ಹಿಂದಿನ ಪ್ರಾಚೀನ ಮತವೊಂದು ಹಳ್ಳಿಗಾಡಿನಲ್ಲಿ ಗುಟ್ಟಾಗಿ ಉಳಿದು ಬಂದಿದೆ, ತಾನು ಅದರ ದೀಕ್ಷೆ ಪಡೆದಿದ್ದೇನೆ ಎಂಬುದು ಅವನ ವಾದ. ಇದಕ್ಕೆ ಆಧಾರ ಮಾರ್ಗರೆಟ್ ಮರ್ರೆ ಎಂಬ ವಿದುಷಿ ೧೯೨೧ರಲ್ಲಿ ಮುಂದಿಟ್ಟ ಊಹೆ. ಚರಿತ್ರಕಾರರು ಆ ಊಹೆಯನ್ನು ಒಪ್ಪುವುದಿಲ್ಲ. ರೊನಾಲ್ಡ್ ಹಟನ್ ೧೯೯೯ರಲ್ಲಿ ಬರೆದ ದೊಡ್ಡ ಗ್ರಂಥವು ವಿಕ್ಕಾ ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಹೊಸ ಧರ್ಮವೆಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಯುರೋಪಿನಲ್ಲಿ ೯೦ ಲಕ್ಷ ಮಾಟಗಾತಿಯರನ್ನು ಸುಟ್ಟರೆಂಬ ಮಾತೂ ಹಾಗೆಯೇ ಉತ್ಪ್ರೇಕ್ಷೆ; ಮರಣದಂಡನೆಗೆ ಗುರಿಯಾದವರು ಸುಮಾರು ೪೦ರಿಂದ ೫೦ ಸಾವಿರ ಎಂಬುದು ಇಂದಿನ ವಿದ್ವಾಂಸರ ಅಂದಾಜು. ಐವತ್ತು ಸಾವಿರ ಜೀವಗಳ ಲೆಕ್ಕವೇನೂ ಸಣ್ಣದಲ್ಲ. ಅದನ್ನು ದೊಡ್ಡದು ಮಾಡಿ ಹೇಳುವ ಅಗತ್ಯವೂ ಇಲ್ಲ.

ಹೊಸತಾದ ಮಾತ್ರಕ್ಕೆ ಸುಳ್ಳೆಂದು ಹೇಳಬೇಕೆ? ಹಾಗಾದರೆ ಎಲ್ಲ ಧರ್ಮಗಳೂ ಒಂದು ದಿನ ಹೊಸತಾಗಿದ್ದವು. ೧೯೮೬ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಸೆರೆಮನೆಯ ಕೈದಿಯೊಬ್ಬನ ಮೊಕದ್ದಮೆಯಲ್ಲಿ ವಿಕ್ಕಾ ಕೂಡ ಧರ್ಮವೇ ಎಂದು ಹೇಳಿತು. ಆದರೂ ಮಡಿದ ಸೈನಿಕನ ಗೋರಿಯ ಕಲ್ಲಿನಲ್ಲಿ ಆ ಧರ್ಮದ ಪಂಚಕೋನ ನಕ್ಷತ್ರವನ್ನು ಕೆತ್ತಲು ಅಲ್ಲಿನ ಸರಕಾರ ಒಪ್ಪಿದ್ದು ೨೦೦೭ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ೨೦೨೧ರ ಜನಗಣತಿಯಲ್ಲಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದವರು ಸುಮಾರು ೧೩,೦೦೦ ಮಂದಿ. ನಮ್ಮ ಒಂದು ಗ್ರಾಮ ಪಂಚಾಯತಿನ ಜನಸಂಖ್ಯೆಗೂ ಸಾಲದ ಲೆಕ್ಕ ಇದು. ಎಣಿಕೆಯಲ್ಲಿ ಕಡಿಮೆಯಿರುವವರನ್ನು ಅವರ ಬಾಯಿಂದ ಕೇಳದೆ, ಹೊರಗಿನವರು ಇಟ್ಟ ಹೆಸರಿನಿಂದಲೇ ತಿಳಿದುಕೊಳ್ಳುವ ಚಾಳಿಯನ್ನು ಗಡಿನಾಡಿನ ಕನ್ನಡಿಗರಾದರೂ ಬಿಡಬೇಕು.

ಹೆಸರಿನ ಮಾತು ಬಂದುದರಿಂದ ಒಂದು ವ್ಯತ್ಯಾಸವನ್ನು ಮರೆಯಬಾರದು. ಬ್ರೈಟನ್ನಿನಲ್ಲಿಯೋ ಸ್ಯಾನ್ ಡಿಯೇಗೋದಲ್ಲಿಯೋ ಒಬ್ಬ ಹೆಂಗಸು “ನಾನು ಮಾಟಗಾತಿ” ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ನಮ್ಮ ದೇಶದಲ್ಲಿ ಆ ಹೆಸರನ್ನು ಹೆಂಗಸು ತಾನಾಗಿ ಇಟ್ಟುಕೊಳ್ಳುವುದಿಲ್ಲ; ಆಕೆಯ ಜಾಗದ ಮೇಲೆ ಕಣ್ಣಿಟ್ಟ ನೆರೆಯವರೋ ದಾಯಾದಿಗಳೋ ಇಡುತ್ತಾರೆ. ಆ ಹೆಸರು ಬಿದ್ದಮೇಲೆ ಏಟು, ಊರಿನಿಂದ ಬಹಿಷ್ಕಾರ, ಕೊಲೆ. ಇದನ್ನು ತಡೆಯಲೆಂದೇ ಬಿಹಾರದಲ್ಲಿ ೧೯೯೯ರಲ್ಲಿ, ಜಾರ್ಖಂಡಿನಲ್ಲಿ ೨೦೦೧ರಲ್ಲಿ ಕಾನೂನು ಮಾಡಬೇಕಾಯಿತು. ಕರ್ನಾಟಕವೂ ೨೦೧೭ರಲ್ಲಿ ಅಮಾನುಷ ಆಚರಣೆ ಮತ್ತು ವಾಮಾಚಾರಗಳ ವಿರುದ್ಧ ಕಾಯಿದೆ ತಂದಿದೆ. ಆದ್ದರಿಂದ ಪಶ್ಚಿಮದವರನ್ನು ನೋಡಿ ಇಲ್ಲಿ ಯಾರಾದರೂ ‘ಮಾಟ’ ಎಂಬ ಶಬ್ದಕ್ಕೆ ಹೊಸ ಬಣ್ಣ ಬಳಿಯಲು ಹೊರಟರೆ ನಾನು ಅದನ್ನು ಒಪ್ಪಲಾರೆ. ಈ ಲೇಖನದಲ್ಲಿ ನಾನು ಎತ್ತಿಹಿಡಿಯುವುದು ಗಿಡವನ್ನು, ಗಿಡ ಬೆಳೆಸುವ ಕೈಯನ್ನು ಮಾತ್ರ.

ಆ ಗಿಡಗಳಾದರೂ ಯಾವುವು? ಹೆಸರುಗಳನ್ನು ಕೇಳಿದರೆ ದೂರದವು ಎನ್ನಿಸುತ್ತದೆ. ಹತ್ತಿರ ಹೋದರೆ ನಂಟಸ್ತಿಕೆ ಕಾಣುತ್ತದೆ. ಚಂದ್ರನಿಗೆ ಸೇರಿದ್ದು, ದಿಂಬಿನಲ್ಲಿ ತುಂಬಿಸಿ ಮಲಗಿದರೆ ಕನಸು ತಿಳಿಯಾಗುತ್ತದೆ ಎಂದು ಅವರು ಹೇಳುವ ‘ಮಗ್‌ವರ್ಟ್’ ಆರ್ಟಿಮೀಸಿಯಾ ಕುಲದ್ದು. ನಾವು ದೇವರಿಗೆ ಏರಿಸುವ ದವನ ಅದೇ ಕುಲದ ಗಿಡ. ಗಣಪತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಒಂದಾದ ಮಾಚಿಪತ್ರೆಯೂ ಅದೇ ಕುಲದ್ದು. ಕೆಟ್ಟ ಕಣ್ಣು ತಾಗದಿರಲೆಂದು ಇಟಲಿಯ ನೇಪಲ್ಸಿನ ತಾಯಂದಿರು ಯಾವ ಗಿಡದ ರೆಂಬೆಯ ಆಕಾರದಲ್ಲಿ ಬೆಳ್ಳಿಯ ತಾಯಿತ ಮಾಡಿಸಿ ಹಸುಗೂಸಿಗೆ ಕಟ್ಟುತ್ತಿದ್ದರೋ, ಆ ‘ರೂ’ ಗಿಡ ನಮ್ಮ ನಾಗದಾಳಿ. ಮಲಯಾಳದಲ್ಲಿ ಅದು ಅರೂತ. ಮಕ್ಕಳಿರುವ ಮನೆಯಲ್ಲಿ ಅದನ್ನು ಬೆಳೆಸುವ ರೂಢಿ ಕೇರಳದಲ್ಲಿ ಉಂಟು. ಸ್ಕಾಟ್ಲೆಂಡಿನ ರೈತರು ಕೆಂಪು ನೂಲು ಸುತ್ತಿದ ರೋವನ್ ಮರದ ಕಡ್ಡಿಯನ್ನು ಹಟ್ಟಿಯ ಬಾಗಿಲಿಗೆ ಕಟ್ಟುತ್ತಿದ್ದರು. ಆಗಸ್ಟ್ ತಿಂಗಳ ಮೊದಲಿಗೆ ಹೊಸ ಧಾನ್ಯದ ಹಬ್ಬ ಮಾಡುವ ವಿಕ್ಕಾದವರಿಗೂ, ಬಾಗಿಲಿಗೆ ತೆನೆ ಕಟ್ಟುವ ನಮಗೂ, ನಿರಪುತ್ತರಿ ಆಚರಿಸುವ ಮಲಯಾಳಿಗಳಿಗೂ ಒಳಗಿನ ಭಾವ ಒಂದೇ.

ಇಷ್ಟು ಹೇಳಿದೊಡನೆ ಎರಡನೆಯ ಗುಂಪಿನವರು ಎದೆಯುಬ್ಬಿಸಬೇಕಾಗಿಲ್ಲ. ಅವರು ನಮ್ಮಿಂದ ಕಲಿತದ್ದಲ್ಲ, ನಾವು ಅವರಿಂದ ಕಲಿತದ್ದೂ ಅಲ್ಲ. ಮಣ್ಣಿನೊಡನೆ ಬದುಕಿದ ಜನ ಎಲ್ಲಿದ್ದರೂ ಗಿಡವನ್ನು ಗೌರವದಿಂದ ಮುಟ್ಟುವುದನ್ನು ಕಲಿತಿದ್ದಾರೆ. ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲಿಯೇ ಗಾಲ್ ದೇಶದ ಪುರೋಹಿತರು ಒಂದು ಮೂಲಿಕೆಯನ್ನು ಕಬ್ಬಿಣ ತಾಗಿಸದೆ ಕೀಳುತ್ತಾರೆಂದು ಬರೆದಿಟ್ಟಿದ್ದಾನೆ. ನಮ್ಮಲ್ಲಿ ಆಟಿ ಅಮಾವಾಸ್ಯೆಯ ದಿನ ಸೂರ್ಯ ಮೂಡುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ಪಾಲೆಯ ತೊಗಟೆ ತೆಗೆಯುತ್ತಾರಲ್ಲ! ಪ್ಲಿನಿ ನಮ್ಮ ಊರಿಗೆ ಬಂದವನೂ ಅಲ್ಲ, ನಮ್ಮ ಅಜ್ಜಂದಿರು ಪ್ಲಿನಿಯನ್ನು ಓದಿದವರೂ ಅಲ್ಲ.

ಈಗ ಮೊದಲನೆಯ ಗುಂಪಿನವರಿಗೆ ಉತ್ತರ. ಬಾಗಿಲಿಗೆ ಕಟ್ಟಿದ ಸೊಪ್ಪು ಕೇಡನ್ನು ತಡೆಯುತ್ತದೆಯೆ? ತಡೆಯುವುದಿಲ್ಲ. ದಿಂಬಿನಲ್ಲಿಟ್ಟ ಮೂಲಿಕೆ ಭವಿಷ್ಯ ಹೇಳುತ್ತದೆಯೆ? ಹೇಳುವುದಿಲ್ಲ. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಸೊಪ್ಪನ್ನು ಬೆಳೆಸಿದವರಿಗೆ ಏನಾಗುತ್ತದೆ ಎಂದು ಕೇಳಿ ನೋಡಿ. ಬೀಜ ಮೊಳೆಯುವ ವರೆಗೆ ಕಾಯಬೇಕು. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ಕಡಿಮೆಯಾದರೆ ಬಾಡುತ್ತದೆ. ಹೂ ಬಿಡುವ ಮೊದಲು ಯಾವ ಎಲೆ ಕೀಳಬೇಕು, ಮುಂದಿನ ವರ್ಷಕ್ಕೆ ಯಾವ ಗಿಡವನ್ನು ಬೀಜಕ್ಕೆ ಬಿಡಬೇಕು ಎಂದು ನೋಡಬೇಕು. ನಾಗದಾಳಿಯ ರಸ ತಾಗಿದ ಕೈಯನ್ನು ಬಿಸಿಲಿಗೆ ಒಡ್ಡಿದರೆ ಬೊಕ್ಕೆ ಏಳುತ್ತದೆ, ಬಸುರಿಯರು ಅದನ್ನು ಸೇವಿಸಬಾರದು ಎಂಬುದು ಗೊತ್ತಿರಬೇಕು. ಇಷ್ಟು ಮಾಡಿದವನು ಒಂದು ಜಾಗದಲ್ಲಿ ನಿಲ್ಲುತ್ತಾನೆ, ಕಣ್ಣು ಬಿಟ್ಟು ನೋಡುತ್ತಾನೆ, ಬೇಕಾದಷ್ಟೇ ಕೊಯ್ಯುತ್ತಾನೆ. ಮಾಟ ಗಿಡಕ್ಕೆ ಹತ್ತುವುದಿಲ್ಲ ಎಂದಾದರೂ, ಬೆಳೆಸಿದವನ ಬುದ್ಧಿಗೆ ಹತ್ತುತ್ತದೆ. ಇದನ್ನು ಮೂಢತನವೆಂದು ಕರೆಯಲು ನನ್ನಿಂದಾಗದು.

ಮೂಢತನ ಯಾವುದೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗುಡ್ಡಗಳ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, ೨೦೦೦ದ ವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಅದು ಕೊಳಕ್ಕೆ ಬಿತ್ತು, ಬಾವಿಗೆ ಬಿತ್ತು, ಒಂದೆಲಗದ ಮೇಲೂ ತುಳಸಿಯ ಮೇಲೂ ಬಿತ್ತು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಲ್ಲಿಸಲು ಹೇಳಿದ್ದು ೨೦೧೧ರಲ್ಲಿ. ಆ ವರ್ಷಗಳಲ್ಲಿ ಹೆಲಿಕಾಪ್ಟರನ್ನು ವಿಜ್ಞಾನವೆಂದೂ, ಹಿತ್ತಿಲಿನ ಸೊಪ್ಪನ್ನು ಅಜ್ಞಾನವೆಂದೂ ಕರೆದವರು ಕಡಿಮೆಯಿರಲಿಲ್ಲ. ಬಾಗಿಲಿಗೆ ಸೊಪ್ಪು ಕಟ್ಟಿದ ಹೆಂಗಸನ್ನು ನೋಡಿ ನಗುವವರು ಇದನ್ನೊಮ್ಮೆ ನೆನೆಯಲಿ.

ಇನ್ನು ಮೂರನೆಯವನ ಸರದಿ. ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ ೧೯೮೫ರಲ್ಲಿ ಮಾಂತ್ರಿಕ ಮೂಲಿಕೆಗಳ ಒಂದು ವಿಶ್ವಕೋಶವನ್ನೂ, ೧೯೮೮ರಲ್ಲಿ ಗುರುವಿಲ್ಲದೆ ಒಬ್ಬಂಟಿಯಾಗಿ ಸಾಧನೆ ಮಾಡುವವರಿಗಾಗಿ ವಿಕ್ಕಾದ ಕೈಪಿಡಿಯನ್ನೂ ಬರೆದ. ದೀಕ್ಷೆ, ಗುಟ್ಟು, ಗುರುಪರಂಪರೆ ಇವುಗಳ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ತೆರೆದ ಬಾಗಿಲಿನಿಂದ ಭಕ್ತನಿಗಿಂತ ಮೊದಲು ಅಂಗಡಿಯವನು ಒಳಗೆ ಬಂದ. ಯಾವ ಗಿಡ ಯಾವ ಗ್ರಹಕ್ಕೆ, ಯಾವುದು ಪ್ರೀತಿಗೆ, ಯಾವುದು ರಕ್ಷಣೆಗೆ ಎಂಬ ಪಟ್ಟಿ ಅವನ ಕೈಗೆ ಸಿಕ್ಕಿದೊಡನೆ ಅದು ದರಪಟ್ಟಿಯಾಯಿತು. ಒಣಗಿದ ಎಲೆಯ ಹತ್ತು ಡಬ್ಬಿ, ಒಂದು ಕಲ್ಲು, ಒಂದು ಮೊಂಬತ್ತಿ ಸೇರಿಸಿ ಕಟ್ಟಿದರೆ ‘ಮಾಟಗಾತಿಯ ಕಿಟ್’. ೨೦೧೮ರಲ್ಲಿ ಅಮೆರಿಕದ ಸುಗಂಧದ್ರವ್ಯದ ಕಂಪೆನಿಯೊಂದು ೪೨ ಡಾಲರ್ ಬೆಲೆಗೆ ಇಂಥದೇ ಒಂದು ಕಿಟ್ ತರುವೆನೆಂದು ಸಾರಿ, ನಿಜವಾಗಿ ಆ ದಾರಿಯಲ್ಲಿ ನಡೆಯುವವರೇ ಸಿಡಿದೆದ್ದ ಮೇಲೆ ಹಿಂದೆಗೆದುಕೊಂಡಿತು. ಸರಳವಾಗಿ ಬದುಕಬೇಕೆಂಬ ಪಂಥಕ್ಕೆ ಸೇರಲು ಮೊದಲು ಸಾಮಾನು ಕೊಳ್ಳಬೇಕೆಂದರೆ, ಉಪವಾಸ ಕಲಿಸಲು ಹೋಟೆಲಿಗೆ ಕರೆದ ಹಾಗಾಯಿತು.

ಆ ಕಿಟ್ಟಿನಲ್ಲಿ ಬಿಳಿ ಸೇಜ್ ಎಂಬ ಸೊಪ್ಪಿನ ಕಟ್ಟೂ ಇತ್ತು. ಅದನ್ನು ಉರಿಸಿ ಹೊಗೆ ಹಾಕಿದರೆ ಮನೆ ಶುದ್ಧವಾಗುತ್ತದೆ ಎಂಬ ನಂಬಿಕೆ ಈಗ ಹಲವು ದೇಶಗಳಿಗೆ ಹರಡಿದೆ. ಆ ಗಿಡದ ಸ್ವಂತ ಊರು ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಅದಕ್ಕೆ ತಾಗಿದ ಮೆಕ್ಸಿಕೋದ ಬಾಹಾ ಪ್ರದೇಶ; ಬೇರೆಲ್ಲಿಯೂ ಅದು ತಾನಾಗಿ ಬೆಳೆಯುವುದಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಚುಮಾಷ್, ಕವಿಯಾ, ಕುಮೆಯಾಯ್ ಜನಗಳಿಗೆ ಅದು ಪೂಜ್ಯ. ಆ ಜನಗಳ ಪೂಜೆ, ಕುಣಿತಗಳನ್ನು ಅಮೆರಿಕದ ಸರಕಾರ ೧೮೮೩ರಿಂದ ಅಪರಾಧಗಳ ಪಟ್ಟಿಗೆ ಸೇರಿಸಿತ್ತು. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಪಾಡುವ ಕಾನೂನು ಬಂದದ್ದು ೧೯೭೮ರಲ್ಲಿ. ಯಾರು ತಮ್ಮ ಆಚಾರಕ್ಕಾಗಿ ಶಿಕ್ಷೆ ಅನುಭವಿಸಿದರೋ ಅವರ ಗುಡ್ಡದ ಸೊಪ್ಪನ್ನು ಈಗ ರಾತ್ರಿ ಕದ್ದು ಕೊಯ್ದು ಮಾರುತ್ತಾರೆ. ೨೦೧೮ರಲ್ಲಿ ಲಾಸ್ ಏಂಜಲೀಸಿಗೆ ಪೂರ್ವದ ನಾರ್ತ್ ಎಟಿವಾಂಡಾ ಸಂರಕ್ಷಿತ ಪ್ರದೇಶದಲ್ಲಿ ಸುಮಾರು ೪೦೦ ಪೌಂಡು ಸೊಪ್ಪಿನೊಡನೆ ನಾಲ್ವರು ಸಿಕ್ಕಿಬಿದ್ದರು. ಸುಮಾರು ೧೮೦ ಕಿಲೋ! ಯಾರಿಗೂ ಕೇಡು ಮಾಡಬಾರದೆಂಬುದು ವಿಕ್ಕಾದ ಮುಖ್ಯ ನೀತಿ. ಕದ್ದು ತಂದ ಸೊಪ್ಪಿನ ಹೊಗೆಯಿಂದ ಯಾರ ಮನೆ ಶುದ್ಧವಾದೀತು?

ಇದಕ್ಕೆ ಒಂದು ಸಮರ್ಥನೆ ಕೇಳಿಬರುತ್ತದೆ. “ಪೇಟೆಯಲ್ಲಿ ಬಾಡಿಗೆ ಕೋಣೆಯಲ್ಲಿರುವವರು ಏನು ಮಾಡಬೇಕು? ಅವರಿಗೆ ತೋಟವೆಲ್ಲಿ? ಕೊಳ್ಳದೆ ದಾರಿಯೆಲ್ಲಿ?” ಕೇಳಲು ನ್ಯಾಯವೆನಿಸುವ ಮಾತು. ಇದಕ್ಕೆ ಉತ್ತರ ಆ ಪಂಥದೊಳಗೇ ಇದೆ. ಡೊರೀನ್ ವಾಲಿಯೆಂಟೆ ಎಂಬಾಕೆ ೧೯೫೩ರಲ್ಲಿ ಗಾರ್ಡ್ನರನಿಂದ ದೀಕ್ಷೆ ಪಡೆದವಳು; ವಿಕ್ಕಾದ ಪೂಜಾಪಾಠಗಳಲ್ಲಿ ಎಷ್ಟೋ ಭಾಗ ಆಕೆಯ ಲೇಖನಿಯಿಂದ ಬಂದದ್ದು. ಆ ಪಂಥದ ತಾಯಿ ಎನ್ನಿಸಿಕೊಂಡ ಈಕೆ ಬ್ರೈಟನ್ನಿನ ಸರಕಾರಿ ಬಾಡಿಗೆ ವಸತಿಯ ಒಂದು ಸಣ್ಣ ಮನೆಯಲ್ಲಿ ಬಹುಕಾಲ ಬಾಳಿ ೧೯೯೯ರಲ್ಲಿ ತೀರಿಕೊಂಡಳು. ೨೦೧೩ರಲ್ಲಿ ಆ ಕಟ್ಟಡದ ಗೋಡೆಯಲ್ಲಿ ಆಕೆಯ ಹೆಸರಿನ ಫಲಕ ಹಾಕಿದರು. ಆ ಪಂಥಕ್ಕೆ ತೋಟವೂ ಬಂಗಲೆಯೂ ಬೇಕೇಬೇಕೆಂದಿದ್ದರೆ ಈಕೆಗೆ ಅದರಲ್ಲಿ ಜಾಗ ಸಿಗುತ್ತಿರಲಿಲ್ಲ. ಒಂದು ಚಟ್ಟಿ, ಒಂದು ಹಿಡಿ ಮಣ್ಣು, ದಿನಕ್ಕೆ ನಾಲ್ಕು ಗಳಿಗೆ ಬಿಸಿಲು ಬೀಳುವ ಕಿಟಕಿ ಇದ್ದರೆ ಒಂದು ಪುದೀನ ಬೆಳೆಯುತ್ತದೆ. ಹತ್ತು ಡಬ್ಬಿಗಳ ಒಣ ಎಲೆಗಿಂತ ಆ ಒಂದು ಪುದೀನ ಹೆಚ್ಚು ಕಲಿಸುತ್ತದೆ. ಸರಳತೆ ಎಂದರೆ ಇರುವಲ್ಲಿ ಬೆಳೆಯುವುದನ್ನು ಬಳಸುವುದು. ಇಂಗ್ಲೆಂಡಿನವನಿಗೆ ಅವನ ಬೇಲಿಯ ಮಗ್‌ವರ್ಟ್ ಸಾಕು. ಅವನಿಗೆ ಕ್ಯಾಲಿಫೋರ್ನಿಯದ ಸೊಪ್ಪು ಏಕೆ?

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಬರಿಯ ಪರದೇಶದ ದೂರಾಗುತ್ತದೆ. ಅದೇ ಅಳತೆಗೋಲಿನಲ್ಲಿ ನಮ್ಮನ್ನೂ ಅಳೆಯೋಣ. ಕರ್ಕಾಟಕ ತಿಂಗಳು ಬಂತೆಂದರೆ ಕೇರಳದ ಅಂಗಡಿಗಳ ಮುಂದೆ ಕರ್ಕಾಟಕ ಕಂಜಿಯ ಕಿಟ್ ಸಾಲುಗಟ್ಟುತ್ತದೆ. ಅಕ್ಕಿ, ಮೆಂತೆ, ಮೂಲಿಕೆಗಳ ಪುಡಿ, ಬೇಯಿಸುವ ಕ್ರಮದ ಚೀಟಿ ಎಲ್ಲವೂ ಒಂದೇ ಕಟ್ಟಿನಲ್ಲಿ. ದಶಪುಷ್ಪದ ಹತ್ತೂ ಗಿಡಗಳು ಮೊದಲು ಅಂಗಳದ ಬದಿಯಲ್ಲಿಯೇ ಕಾಲಿಗೆ ಸಿಗುತ್ತಿದ್ದವು. ಅಂಗಳಕ್ಕೆ ಕಾಂಕ್ರೀಟು ಹಾಕಿ, ಅದೇ ಗಿಡಗಳ ಪುಡಿಗೆ ಹಣ ಕೊಡುತ್ತೇವೆ. ಆಟಿಯ ಪಾಲೆಯ ಕಷಾಯವನ್ನು ಸಂಘದವರು ಮಾಡಿ ಹಂಚುತ್ತಾರೆ. ನಾವು ಸಾಲಿನಲ್ಲಿ ನಿಂತು ಕುಡಿದು ಬರುತ್ತೇವೆ. ಹಂಚುವುದು ತಪ್ಪಲ್ಲ. ಆದರೆ ಸಾಲಿನಲ್ಲಿ ನಿಂತ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಪಾಲೆಯ ಮರ ಗೊತ್ತು?

ಇದು ಸಂಸ್ಕೃತಿಯ ಸೊಗಸಿನ ಪ್ರಶ್ನೆಯೆಂದು ತಿಳಿಯಬೇಡಿ, ಜೀವದ ಪ್ರಶ್ನೆ. ಪಾಲೆ ಇರುವ ಗುಡ್ಡದಲ್ಲಿಯೇ ಕಾಸರಕವೂ ಇದೆ. ನಮ್ಮ ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತೆಂದು ಹೇಳುವವರಿದ್ದಾರೆ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್ ಜಾತಿಯ ಕಡು ವಿಷವಿದೆ. ಅಮಾವಾಸ್ಯೆಯ ನಸುಕಿನ ಕತ್ತಲಲ್ಲಿ ಒಂದರ ಬದಲು ಇನ್ನೊಂದರ ತೊಗಟೆ ತಂದರೆ ಏನಾದೀತು? ಅದಕ್ಕಾಗಿಯೇ ಹಿಂದಿನ ದಿನ ಹಗಲಿನಲ್ಲಿ ಹೋಗಿ ಮರವನ್ನು ನೋಡಿ ಗುರುತು ಮಾಡಿ ಬರಬೇಕೆಂದು ಹಿರಿಯರು ಹೇಳುತ್ತಾರೆ. ಪಾಲೆಯ ಎಲೆ ಒಂದೇ ಗಂಟಿನಲ್ಲಿ ಏಳರ ಹಾಗೆ ಸುತ್ತಲೂ ಹರಡುತ್ತದೆ, ಕೊಯ್ದರೆ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರಾಗಿ ಎರಡೆರಡು, ಹಾಲಿಲ್ಲ. ಇಷ್ಟು ತಿಳಿವಳಿಕೆ ಯಾವ ಕಿಟ್ಟಿನ ಚೀಟಿಯಲ್ಲಿಯೂ ಬರುವುದಿಲ್ಲ. ಅದು ಬರಬೇಕಾದದ್ದು ಒಬ್ಬರ ಕೈ ಹಿಡಿದು ಗುಡ್ಡ ಹತ್ತಿದಾಗ, ಒಬ್ಬರ ಬಾಯಿಂದ ಹೆಸರು ಕೇಳಿದಾಗ.

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ನ ಕತೆ ಇದನ್ನೇ ಹೇಳುತ್ತದೆ. ೧೭೭೫ರಲ್ಲಿ ಒಂದು ಮನೆಮದ್ದಿನ ಬಗ್ಗೆ ಅವನ ಅಭಿಪ್ರಾಯ ಕೇಳಿದರು. ಶ್ರಾಪ್‌ಶೈರಿನ ಮುದುಕಿಯೊಬ್ಬಳು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡು ಜಲೋದರಕ್ಕೆ ಕೊಡುತ್ತಿದ್ದಳು. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳ ಆ ಮಿಶ್ರಣದಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಎಂದು ಅವನು ಕಂಡುಕೊಂಡ. ಹತ್ತು ವರ್ಷ ಪರೀಕ್ಷಿಸಿ ೧೭೮೫ರಲ್ಲಿ ಪುಸ್ತಕ ಬರೆದ. ಹೃದಯದ ಮದ್ದಾದ ಡಿಜಿಟಾಲಿಸ್ ವೈದ್ಯಶಾಸ್ತ್ರಕ್ಕೆ ದೊರೆತದ್ದು ಹೀಗೆ. ಮದ್ದಿನ ಅಳತೆಗೂ ವಿಷದ ಅಳತೆಗೂ ಅಲ್ಲಿ ಅಂತರ ಬಹಳ ಕಡಿಮೆ. ಆ ಮುದುಕಿಯ ಹೆಸರನ್ನು ವಿದರಿಂಗ್ ಬರೆದಿಡಲಿಲ್ಲ. ಅದಕ್ಕಿಂತ ನೂರು ವರ್ಷ ಮೊದಲು, ೧೬೭೮ರಲ್ಲಿ, ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ತೂಸ್ ಮಲಬಾರಿಕೂಸ್’ ಗ್ರಂಥದ ಮೊದಲ ಸಂಪುಟದಲ್ಲಿಯಾದರೋ ಮಲಬಾರಿನ ಈಳವ ವೈದ್ಯ ಇಟ್ಟಿ ಅಚ್ಯುದನ್ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ ಹೇಳಿಕೆ ಇದೆ. ಗಿಡ ಬಲ್ಲವನ ಹೆಸರೂ ಲಿಪಿಯೂ ಗಿಡದೊಡನೆ ಉಳಿದದ್ದು ನಮ್ಮ ಕರಾವಳಿಯ ಭಾಗ್ಯ. ಆ ಭಾಗ್ಯವನ್ನು ನಾವು ಪ್ಯಾಕೆಟ್ಟಿನ ಅಂಗಡಿಗೆ ಒಪ್ಪಿಸುತ್ತಿದ್ದೇವೆ.

ಗಡಿನಾಡಿನ ಮನೆಗಳಿಗೆ ಈ ನಷ್ಟ ಇಮ್ಮಡಿ. ನಮ್ಮಲ್ಲಿ ಒಂದು ಗಿಡಕ್ಕೆ ಮೂರು ಹೆಸರು. ಕನ್ನಡದ ಒಂದೆಲಗ ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಮುತ್ತಿಳ್. ಸಾಂಬ್ರಾಣಿ, ದೊಡ್ಡಪತ್ರೆ ಎಂದು ನಾವು ಕರೆಯುವುದು ನೆರೆಮನೆಯವರಿಗೆ ಪನಿಕ್ಕೂರ್ಕ. ಬೇಲಿಯ ಈಚೆ ಒಂದು ಹೆಸರು, ಆಚೆ ಇನ್ನೊಂದು. ಎಲೆ ಒಂದೇ, ಮಗುವಿನ ಶೀತವೂ ಒಂದೇ. ಕನ್ನಡ ಶಾಲೆ ಉಳಿಯಬೇಕು, ಕನ್ನಡ ಅಧ್ಯಾಪಕರು ಬೇಕು ಎಂದು ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಹಿತ್ತಿಲಿನಲ್ಲಿ ಸತ್ತ ಕನ್ನಡವನ್ನು ಯಾವ ಸರಕಾರದ ಆದೇಶ ಬದುಕಿಸೀತು? ಗಿಡ ಹೋದರೆ ಹೆಸರು ಹೋಗುತ್ತದೆ; ಹೆಸರು ಹೋದರೆ ಅದನ್ನು ಹೇಳುತ್ತಿದ್ದ ಅಜ್ಜಿಯ ಮಾತಿನ ಅರ್ಧ ಮೊಮ್ಮಗುವಿಗೆ ತಿಳಿಯುವುದಿಲ್ಲ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ವ್ಯಂಗ್ಯಕ್ಕೆ ಹೇಳಿದರು. ನಾವು ಅದನ್ನು ಸಲಹೆಯೆಂದು ತಿಳಿದು ಗಿಡ ಕಿತ್ತು ಬಾಳೆಗೂ ರಬ್ಬರಿಗೂ ಜಾಗ ಮಾಡಿದೆವು.

ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನ ಮಾತು ಇಷ್ಟೆ. ದೂರದೇಶದ ಯಾವಳೋ ಒಬ್ಬಳು ಚಟ್ಟಿಯಲ್ಲಿ ಗಿಡ ಬೆಳೆಸಿ ಅದಕ್ಕೆ ಕೈಮುಗಿದರೆ ನಗಬೇಡಿ, ಅವಳು ಬೆಳೆಸಿದ್ದಾಳೆ. ಕಿಟ್ ಕೊಂಡು ಕೈಮುಗಿದರೆ ಮರುಳಾಗಬೇಡಿ, ಅವಳು ಕೊಂಡಿದ್ದಾಳೆ. ಮದ್ದು ಬೇಕಾದ ಕಾಯಿಲೆಗೆ ವೈದ್ಯರಲ್ಲಿಗೆ ಹೋಗಿ. ಎಲೆಯಿಂದ ಎಲ್ಲವೂ ಗುಣವಾಗುತ್ತದೆಂದು ಹೇಳುವವನನ್ನು ಅಂಗಳಕ್ಕೆ ಹತ್ತಿಸಬೇಡಿ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಮನೆಯ ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಒಂದು ಸುತ್ತು ಹೋಗಿ. ನಿಮಗೆ ಗೊತ್ತಿರುವ ಗಿಡಗಳನ್ನು ತೋರಿಸಿ ಕನ್ನಡದ ಹೆಸರು ಹೇಳಿ. ಮಲಯಾಳದ ಹೆಸರನ್ನು ಬೇಲಿಯಾಚೆಯ ಚೇಚಿಯಲ್ಲಿ ಕೇಳಿ ಬರಲು ಮಕ್ಕಳನ್ನೇ ಕಳುಹಿಸಿ. ಹತ್ತು ಗಿಡವೂ ಸಿಗಲಿಲ್ಲವೆಂದಾದರೆ ಮಳೆ ಹಿಡಿದೊಡನೆ ನೆರೆಯವರಿಂದ ಒಂದು ದೊಡ್ಡಪತ್ರೆಯ ಗೆಲ್ಲು ತಂದು ಊರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಗಡಿ ಯಾವುದೆಂದೂ ಅದು ಕೇಳುವುದಿಲ್ಲ.